ಕೆರೆಯ ಹಿಂದೆ ಎಂದರೆ ಯಾವ ಕಡೆ?

“ನಮ್ಮ ಕೆರೆ ನೋಡಕ್ಕೆ ನಾನು ಚೀಟಿ ತಗೋಬೇಕಾ? ಯಾವನಯ್ಯಾ ನಿಂಗೆ ಹೇಳ್ದೋನು?”

ಮಾಚೇಘಟ್ಟ ಕೆರೆ ಪಾರಂಪರಿಕ ಉದ್ಯಾನದ ಗೇಟಿನ ಸರಳುಗಳನ್ನು ಎರಡೂ ಕೈಗಳಲ್ಲಿ ಹಿಡಿದು ಅಮ್ಮಯಮ್ಮ ಕೇಳುತ್ತಿದ್ದಳು. ಬೇಯಿಸಿದ ಕಡಲೆಕಾಯಿಯ ಬುಟ್ಟಿ ಅವಳ ಕಾಲ ಬಳಿ ಇತ್ತು. ಟಿಕೆಟ್ ಕಿಟಕಿಯೊಳಗಿನ ನೌಕರ ತಲೆ ಎತ್ತದೆ ಉತ್ತರ ಕೊಟ್ಟ.

“ಅಜ್ಜೀ, ರೂಲ್ಸ್ ಅಂದ್ರೆ ರೂಲ್ಸು. ಸುಮ್ನೆ ಸೈಡಿಗೆ ಬನ್ನಿ.”

“ಅಜ್ಜಿ ಅಂತ ಬೇರೆ ಕರೀತಾನೆ! ಅಜ್ಜೀನ ಬಿಸ್ಲಲ್ಲಿ ನಿಲ್ಸೋ ಮೊಮ್ಮಗ ನಂಗೆ ಬ್ಯಾಡ ಕಣಪ್ಪಾ.”

ನವ್ಯಶ್ರೀ ಸ್ಕೂಟರನ್ನು ಗೇಟಿನ ಪಕ್ಕದಲ್ಲಿ ನಿಲ್ಲಿಸಿ ಬಂದಳು. ದೊಡ್ಡಬಳ್ಳಾಪುರದ ಮಗ್ಗದ ಶೆಡ್ಡಿನ ಮಹಡಿಯಲ್ಲಿ ಅವಳ ಪತ್ತೇದಾರಿ ಕಚೇರಿ ಇತ್ತು. ದಿನವಿಡೀ ಮಗ್ಗಗಳ ಸದ್ದನ್ನು ಮೀರಿ ಮಾತನಾಡಿ ಅವಳ ಧ್ವನಿಯೂ ಗಟ್ಟಿಯಾಗಿತ್ತು.

“ಈ ತಾಯಿಯ ಗಂಡ ನಿನ್ನೆಯಿಂದ ಪೊಲೀಸ್ ಠಾಣೆಯಲ್ಲಿದ್ದಾನೆ. ಅವನು ನಿರಪರಾಧಿ ಎಂದು ತೋರಿಸಲು ನನ್ನನ್ನು ಕರೆಸಿದ್ದಾಳೆ. ಗೇಟು ತೆಗೆಯುತ್ತೀರೋ, ಇನ್ಸ್‌ಪೆಕ್ಟರ್ ಬಂದು ತೆಗೆಸಬೇಕೋ?”

ವಿಷಯ ಇಷ್ಟು: ಕೆರೆಯ ತೂಬು ಎತ್ತಿ ನೀರು ಬಿಡುವ ಮುದುಕ, ಅಮ್ಮಯಮ್ಮನ ಗಂಡ ಪಿಳ್ಳಪ್ಪ, ಮೊನ್ನೆ ರಾತ್ರಿ ತೂಬಿನ ಬಳಿಯ ಶಾಸನದ ಕಲ್ಲನ್ನು ಕದ್ದು, ಅಡ್ಡ ಬಂದ ಕಾವಲುಗಾರ ಮುನೀಂದ್ರನ ತಲೆಗೆ ಹೊಡೆದನೆಂದು ಆರೋಪ. ಮುನೀಂದ್ರ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದ. ಮಧ್ಯಾಹ್ನ ಪಿಳ್ಳಪ್ಪನನ್ನು ನ್ಯಾಯಾಲಯಕ್ಕೆ ಒಪ್ಪಿಸಲಿದ್ದರು, ಅಲ್ಲಿಂದ ಜೈಲು. ಮುನೀಂದ್ರ ಕಣ್ಣು ತೆರೆಯದೆ ಹೋದರೆ ಆರೋಪ ಕೊಲೆಯದಾಗುತ್ತಿತ್ತು.

ಗೇಟಿನೊಳಗಿಂದ ಬಿಳಿ ಅಂಗಿಯ, ಕಪ್ಪು ಕನ್ನಡಕದ ವ್ಯಕ್ತಿಯೊಬ್ಬ ಬಂದ. ಎದೆಯ ಮೇಲಿನ ಪಟ್ಟಿಯಲ್ಲಿ ‘ಈಶ್, ವ್ಯವಸ್ಥಾಪಕ’ ಎಂದಿತ್ತು. ಉದ್ಯಾನದ ಗುತ್ತಿಗೆ ಹಿಡಿದ ಖಾಸಗಿ ಸಂಸ್ಥೆಯ ಪರವಾಗಿ ಠಾಣೆಗೆ ದೂರು ಕೊಟ್ಟವನು ಇವನೇ.

“ಇದು ಬಾಲ. ತಲೆ ಎಲ್ಲಿ ಬಿಟ್ಟಿರಿ?” ಎಂದು ನವ್ಯಶ್ರೀ ಆ ಪಟ್ಟಿಯನ್ನು ತೋರಿಸಿದಳು.

ಅವನು ನಕ್ಕ. “ಪೂರ್ತಿ ಹೆಸರು ಬೈರೇಶ್ ಮೇಡಂ. ಆಫೀಸಲ್ಲಿ ಎಲ್ಲರೂ ಈಶ್ ಅಂತಾರೆ. ನಾನು ಬೆಂಗಳೂರಿನವನು, ಇಲ್ಲಿಗೆ ಬಂದು ತಿಂಗಳಾಯ್ತು ಅಷ್ಟೆ. ಇಲ್ಲಿನ ದಾರಿನೂ ಗೊತ್ತಿಲ್ಲ, ಇವರ ಭಾಷೆನೂ ಸರಿಯಾಗಿ ಅರ್ಥ ಆಗಲ್ಲ. ನೋಡ್ಕೊಳ್ಳಿ, ನಮ್ಮದೇನೂ ಅಭ್ಯಂತರ ಇಲ್ಲ. ಆದ್ರೆ ಬುಟ್ಟಿ ಮಾತ್ರ ಹೊರಗಿರ್ಲಿ.”

“ಬುಟ್ಟಿ ನನ್ ಜೊತೆಗೇ ಬತ್ತದೆ” ಎಂದು ಅಮ್ಮಯಮ್ಮ ಅದನ್ನು ಸೊಂಟಕ್ಕೇರಿಸಿದಳು. “ಕಲ್ಲು ಹೋದಾಗ ತಡೀದೇ ಇದ್ದೋರು ಕಡ್ಲೆಕಾಯಿ ತಡೀತಾರಂತೆ.”

*

ಕೆರೆಯ ಉತ್ತರಕ್ಕೆ ಬೆಟ್ಟಗಳೂ ಕುರುಚಲು ಕಾಡೂ ಇದ್ದವು. ದಕ್ಷಿಣಕ್ಕೆ ಹಳೆಯ ಏರಿ. ಏರಿಯ ಉದ್ದಕ್ಕೂ ಹುಣಸೆ, ಹೊಂಗೆ. ಅದರ ನಡುವೆ ನೀರಿಗಿಳಿದ ತೂಬಿನ ಎರಡು ಕಲ್ಲುಕಂಬಗಳು.

ಆ ಕಂಬಗಳಿಗೆ ಗುತ್ತಿಗೆಯವರು ಹಳದಿ ಬಣ್ಣ ಬಳಿದಿದ್ದರು. ಅಡ್ಡಕಲ್ಲಿನ ಮೇಲಿನ ಗಜಲಕ್ಷ್ಮಿಗೆ ತುಟಿಗೆಂಪು ಹಚ್ಚಿದ್ದರು. ಏರಿಯ ಮೇಲೆ ಸಿಮೆಂಟಿನ ಜಿಂಕೆ, ಕಸ ಹಾಕಲು ಬಾಯಿ ತೆರೆದ ಸಿಮೆಂಟಿನ ಮೊಸಳೆ. ಈ ಸೀಮೆಯ ಯಾವ ಕೆರೆಯಲ್ಲೂ ಮೊಸಳೆಯನ್ನು ಕಂಡವರಿಲ್ಲ. ಫಲಕವೊಂದರಲ್ಲಿ ‘ಇತಿಹಾಸದ ಮಡಿಲಲ್ಲಿ ಒಂದು ಸೆಲ್ಫಿ’ ಎಂದಿತ್ತು. ಆ ಇತಿಹಾಸ ಯಾವುದೆಂದು ಹೇಳುವ ಫಲಕ ಎಲ್ಲಿಯೂ ಇರಲಿಲ್ಲ. ಅದನ್ನು ಹೇಳುತ್ತಿದ್ದುದು ಒಂದೇ ಕಲ್ಲು. ಅದೂ ಈಗ ಇರಲಿಲ್ಲ.

ತೂಬಿನ ಎದುರು ಏರಿಯ ಮೇಲೆ ಹೊಸ ಗುಂಡಿಯಿತ್ತು. ಅದರ ಅಂಚಿನಲ್ಲಿ ಅರಿಶಿನ ಕುಂಕುಮದ ಕಲೆ ಉಳಿದಿತ್ತು.

“ಯಂತ್ರದ ಕಲ್ಲು ಅಂತೀವಿ ನಾವು” ಎಂದಳು ಅಮ್ಮಯಮ್ಮ. “ದನಕ್ಕೆ ಕಾಯ್ಲೆ ಬಂದ್ರೆ ಅದ್ರ ಮೇಲೆ ನೀರು ಹುಯ್ದು, ಆ ನೀರು ತುಳಿಸ್ಕೊಂಡು ಹೊಡ್ಕೊಂಡೋಗೋರು. ಓದ್ದೋರು ಯಾರೋ ಬಂದಿದ್ರು. ಮಂತ್ರ ಅಲ್ಲ ಕಣಮ್ಮಾ, ಕೆರೆ ಹಿಂದ್ಲ ಭೂಮಿ ಕೆರೆ ನೋಡ್ಕೊಳ್ಳೋರಿಗೆ ಬಿಟ್ಟೈತೆ, ಅದನ್ನ ಯಾರೂ ಮುಟ್ಟಂಗಿಲ್ಲ ಅಂತ ಬರ್ದೈತೆ ಅಂದ್ರು.”

“ಈಗ ಆ ಭೂಮಿಯಲ್ಲಿ ಏನಾಗುತ್ತಿದೆ?”

“ಮನೆ ಕಟ್ತಾರಂತೆ. ಬಂದೋರು ಇಳ್ಕೊಳ್ಳಕ್ಕೆ.”

ನವ್ಯಶ್ರೀ ಏರಿಯ ಹೊರ ಇಳಿಜಾರಿನ ಕೆಳಗೆ ನೋಡಿದಳು. ಹೊಲದ ಅಂಚಿನಲ್ಲಿ ‘ಲೇಕ್ ವ್ಯೂ ಕಾಟೇಜ್’ ಎಂಬ ಫಲಕ ನಿಂತಿತ್ತು. ಏರಿಯ ಕೆಳಗೆ ಕುಳಿತವನಿಗೆ ಕೆರೆ ಕಾಣುವುದಿಲ್ಲ. ಕಾಣಬೇಕಾದರೆ ಏರಿಯನ್ನು ಕಡಿಯಬೇಕು. ಇದನ್ನು ತಿಳಿಯಲು ಹೆಚ್ಚಿನ ಲೆಕ್ಕ ಬೇಕಿಲ್ಲ.

“ನಿನ್ನೆ ಠಾಣೆಯಲ್ಲಿ ನಿಮ್ಮ ಯಜಮಾನರು ನಿಮಗೆ ಏನು ಹೇಳಿದರು?”

“ಏನ್ ಹೇಳ್ತಾರೆ? ಬೆಳಕರಿಯೋ ಹೊತ್ಗೆ ಕಲ್ಲು ಕೆರೆ ಹಿಂದೆ ಬಿದ್ದಿತ್ತು, ಕಣ್ಣಾರೆ ಕಂಡೆ, ಅಂಗಂತ ಸಾಹೇಬ್ರಿಗೂ ಹೇಳ್ದೆ ಅಂದ್ರು. ಹೋಗಿ ನೋಡ್ರಪ್ಪಾ ಅಂದ್ರೆ, ಅಲ್ಲೇನೂ ಇಲ್ಲ, ಮುದುಕ ಸುಳ್ಳ ಅಂತ ಬೈದವ್ರೆ.”

“ನಡೆಯಿರಿ, ನೋಡೋಣ.”

ಅವರು ಏರಿಯ ಹೊರಬದಿಯ ಕಲ್ಲುಮೆಟ್ಟಿಲುಗಳನ್ನು ಇಳಿದರು. ತೂಬಿನ ನೀರು ಹೊರಬೀಳುವ ಕಾಲುವೆ ಜೊಂಡಿನಲ್ಲಿ ಮುಚ್ಚಿಹೋಗಿತ್ತು. ಮೇಲೆ ನಿಂತವರಿಗೆ ಅದರ ತಳ ಕಾಣುವಂತಿರಲಿಲ್ಲ. ನವ್ಯಶ್ರೀ ಜೊಂಡನ್ನು ಸರಿಸಿದಳು. ಸರಿಸಿದವಳು ಹಾಗೆಯೇ ನಿಂತಳು.

ಕೆಸರಿನಲ್ಲಿ ಆಳುದ್ದದ ಅಚ್ಚೊಂದು ಮೂಡಿತ್ತು. ಅಂಚುಗಳು ಚಾಕುವಿನಿಂದ ಕೊಯ್ದಷ್ಟು ನೇರ. ಅಚ್ಚಿನ ತಳದಲ್ಲಿ ಸಾಲುಸಾಲಾಗಿ ಅಕ್ಷರಗಳು. ಕಲ್ಲಿನಲ್ಲಿ ಕೊರೆದದ್ದು ಕೆಸರಿನಲ್ಲಿ ಉಬ್ಬಾಗಿ, ಎಡಬಲ ತಿರುವುಮುರುವಾಗಿ ಮೂಡಿತ್ತು.

ಅವಳು ಕೈಚೀಲದಿಂದ ಕನ್ನಡಿಯನ್ನು ತೆಗೆದು ಅಕ್ಷರಗಳ ಮೇಲೆ ಓರೆಯಾಗಿ ಹಿಡಿದಳು. ಹಳೆಯ ಲಿಪಿಯಲ್ಲಿ ಅವಳಿಗೆ ಸರಿಯಾಗಿ ಓದಲು ಬಂದದ್ದು ಒಂದೇ ಪದ: ಕೆರೆಯ.

“ಇದೇ ಕಣವ್ವಾ, ಇದೇ!” ಅಮ್ಮಯಮ್ಮ ಕೂಗಿದಳು. “ಸುಳ್ಳಾ ಇದು? ಬಂದು ನೋಡಕ್ಕೆ ಅವ್ರ ಕಣ್ಣಿಗೇನಾಗಿತ್ತು?”

“ಮುಟ್ಟಬೇಡಿ. ಕಾಲು ದೂರ ಇಡಿ.”

ನವ್ಯಶ್ರೀ ಕುಕ್ಕರಗಾಲಿನಲ್ಲಿ ಕುಳಿತಳು. ಅಚ್ಚಿನ ಸುತ್ತಲಿನ ಕೆಸರಿನ ಮೇಲೆಲ್ಲ ಸಿಡುಬಿನ ಕಲೆಗಳಂತೆ ಸಣ್ಣ ಕುಳಿಗಳಿದ್ದವು. ಮಳೆಹನಿಯ ಗುರುತುಗಳು. ಅಚ್ಚಿನ ಒಳಗೆ ಒಂದೇ ಒಂದು ಕುಳಿಯೂ ಇರಲಿಲ್ಲ.

“ಇಲ್ಲಿ ಮಳೆ ಬಂದದ್ದು ಯಾವಾಗ?”

“ನೆನ್ನೆ ಸಾಯಂಕಾಲ. ಚೆನ್ನಾಗಿ ಹುಯ್ತು. ಅದಾದ್ಮೇಲೆ ಒಂದು ಹನೀನೂ ಇಲ್ಲ.”

“ನಿನ್ನೆ ಸಂಜೆ ನಿಮ್ಮ ಯಜಮಾನರು ಎಲ್ಲಿದ್ದರು?”

“ಠಾಣೇಲಿ! ಇನ್ನೆಲ್ಲಿ? ಬೆಳಿಗ್ಗೇನೇ ಎಳ್ಕೊಂಡೋದ್ರಲ್ಲ.”

ಹಾಗಾದರೆ ಲೆಕ್ಕ ಸರಳವಾಗಿತ್ತು. ಮಳೆ ಬೀಳುವಾಗ ಕಲ್ಲು ಇಲ್ಲೇ ಇತ್ತು. ಇಲ್ಲದಿದ್ದರೆ ಈ ಅಕ್ಷರಗಳು ಕರಗಿಹೋಗುತ್ತಿದ್ದವು. ಮಳೆ ನಿಂತ ಮೇಲೆ ಯಾರೋ ಕಲ್ಲನ್ನು ಎತ್ತಿದ್ದರು. ಜೊಂಡಿನಾಚೆ ಟ್ರ್ಯಾಕ್ಟರ್ ಚಕ್ರದ ಆಳವಾದ ಗುರುತು ಕಾಟೇಜ್ ಫಲಕದ ಕಡೆಗೆ ಹೋಗಿತ್ತು. ಪಿಳ್ಳಪ್ಪ ಬೀಗದೊಳಗಿದ್ದಾಗ ನಡೆದ ಕೆಲಸ ಇದು.

ಆದರೆ ಒಂದು ಪ್ರಶ್ನೆ ಉಳಿಯಿತು. ಮುದುಕ ಇಷ್ಟು ಸ್ಪಷ್ಟವಾಗಿ ಹೇಳಿದ್ದರೂ ಪೊಲೀಸರು ಇಲ್ಲಿ ಕಾಲಿಟ್ಟ ಗುರುತೇ ಇಲ್ಲವೇಕೆ?

ಅವಳು ಇನ್ಸ್‌ಪೆಕ್ಟರ್ ಮೂರ್ತಿಯವರಿಗೆ ಫೋನು ಮಾಡಿದಳು.

“ಸರ್, ನಿನ್ನೆ ಕೆರೆ ಹಿಂದೆ ಹುಡುಕಿದಿರಾ?”

“ಹುಡುಕದೆ ಬಿಡ್ತೀವಾ ನವ್ಯಶ್ರೀಯವರೇ? ಮಧ್ಯಾಹ್ನ ಪೂರ್ತಿ ಅದೇ ಕೆಲಸ. ಕಾಡಂಚಿನ ಆ ದಡ ಇಡೀ ಜಾಲಾಡಿದ್ವಿ. ನಮ್ಮವರ ಅಂಗಿ ಎಲ್ಲಾ ಮುಳ್ಳಿಗೆ ಹರಿದವು. ಅಲ್ಲಿ ಕಲ್ಲೂ ಇಲ್ಲ, ಮಣ್ಣೂ ಇಲ್ಲ.”

“ಕಾಡಂಚಿನ ದಡವೇ?”

“ಹೌದು. ಕೆರೆ ಹಿಂದೆ ಅಂದ್ರೆ ಅದೇ ಅಲ್ವಾ?”

ನವ್ಯಶ್ರೀ ತಿರುಗಿ ಏರಿಯನ್ನು ನೋಡಿದಳು. ಮೂರ್ತಿಯವರು ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವರು. ಅಲ್ಲಿ ಕೆರೆಯೆಂದರೆ ಬೇಲಿ, ಸುತ್ತಲೂ ನಡೆಯುವ ಹಾದಿ. ಅದಕ್ಕೆ ಮುಂದೂ ಇಲ್ಲ, ಹಿಂದೂ ಇಲ್ಲ. ಏರಿಯ ಮೇಲೆ ನಿಂತು ನೀರಿನ ಕಡೆ ಮುಖ ಮಾಡಿದವರಿಗೆ ನೀರಿನಾಚೆಯದೇ ‘ಹಿಂದೆ’ ಎನಿಸುತ್ತದೆ. ಆ ಒಂದು ಪದವನ್ನು ತಿರುಗಿಸಿ ಕೇಳುವ ತಾಳ್ಮೆ ಯಾರಿಗೂ ಇರಲಿಲ್ಲ. ಅದಕ್ಕಾಗಿ ಒಬ್ಬ ಮುದುಕ ಸುಳ್ಳುಗಾರನಾಗಿ ಠಾಣೆಯ ನೆಲದ ಮೇಲೆ ಕುಳಿತಿದ್ದ.

“ಸರ್, ಪಿಳ್ಳಪ್ಪ ಈ ಮಾತು ಹೇಳಿದಾಗ ಕೋಣೆಯಲ್ಲಿ ಯಾರ್ಯಾರು ಇದ್ದರು?”

“ನಾನು, ಅವನು, ದೂರು ಕೊಟ್ಟ ಮ್ಯಾನೇಜರ್. ಬೇರೆ ಯಾರೂ ಇರ್ಲಿಲ್ಲ.”

“ಹುಡುಕಲು ಹೋದಾಗ?”

“ಮ್ಯಾನೇಜರ್ರೇ ಮುಂದೆ ನಿಂತು ದಾರಿ ತೋರಿಸಿದ್ರು. ಪಾಪ, ಒಳ್ಳೆ ಮನುಷ್ಯ. ನಾನೀಗ ಪಿಳ್ಳಪ್ಪನ್ನ ಕರ್ಕೊಂಡು ಮಹಜರಿಗೆ ಅಲ್ಲಿಗೇ ಬರ್ತಾ ಇದ್ದೀನಿ. ಅಲ್ಲಿಂದ ನೇರ ಕೋರ್ಟು.”

“ಬನ್ನಿ ಸರ್. ಜೀಪನ್ನು ಏರಿಯ ಮೇಲೆ, ತೂಬಿನ ಹತ್ತಿರ ನಿಲ್ಲಿಸಿ. ನಾನು ಕರೆಯುವವರೆಗೂ ಯಾರಿಗೂ ಏನೂ ಹೇಳಬೇಡಿ. ಸುಮ್ಮನೆ ನೋಡುತ್ತಿರಿ.”

“ನನಗೆ ನೀವು ಆರ್ಡರ್ ಮಾಡ್ತೀರಾ?”

“ಕೇಳಿಕೊಳ್ಳುತ್ತಿದ್ದೇನೆ. ಒಬ್ಬ ನಿರಪರಾಧಿಯನ್ನು ಜೈಲಿಗೆ ಕಳಿಸಿದ ಹೆಸರು ನಿಮಗೆ ಬರಬಾರದು ಅಂತ.”

*

ಏರಿಯ ಕೊನೆಗೆ ಹಿಂದಿನ ಕಾಲದ ಬಂಗಲೆಯಿತ್ತು. ಅದೇ ಈಗ ವ್ಯವಸ್ಥಾಪಕನ ಕಚೇರಿ. ಜಗುಲಿಯ ಮುಂದೆ ದಾರಿ ಎರಡಾಗುತ್ತಿತ್ತು. ಎಡದ್ದು ನೀರಿನ ಅಂಚನ್ನು ಹಿಡಿದು ಕಾಡಿನ ದಡಕ್ಕೆ. ಪ್ರವಾಸಿಗಳೆಲ್ಲ ಹೋಗುತ್ತಿದ್ದುದು ಅತ್ತಲೇ. ಬಲದ್ದು ಏರಿಯ ಮೇಲೆ ಸಾಗಿ ಕಲ್ಲುಮೆಟ್ಟಿಲುಗಳಿಗೆ.

ಬೈರೇಶ್ ಜಗುಲಿಯಲ್ಲಿ ಕಾಫಿ ಕುಡಿಯುತ್ತಿದ್ದ. ದೂರದಲ್ಲಿ ಜೀಪು ಬಂದು ತೂಬಿನ ಬಳಿ ನಿಂತದ್ದನ್ನು ನವ್ಯಶ್ರೀ ನೋಡಿದಳು. ಆಮೇಲೆಯೇ ಮಾತು ತೆಗೆದಳು.

“ಎಲ್ಲಾ ನೋಡಿದೆ ಸರ್. ಹೊರಡುತ್ತೇನೆ. ಒಂದು ತಪ್ಪಾಗಿದೆ, ಬೇಸರ ಮಾಡಬೇಡಿ. ನನ್ನ ಸ್ಕೂಟರನ್ನು ಕೆರೆ ಹಿಂದೆ ನಿಲ್ಲಿಸಿಬಿಟ್ಟಿದ್ದೇನೆ. ಚಕ್ರ ಕೆಸರಿನಲ್ಲಿ ಹೂತುಹೋಗಿದೆ.”

ಲೋಟ ಅವನ ಕೈಯಲ್ಲೇ ನಿಂತಿತು.

“ಅಲ್ಲಿಗೆ ಯಾರ್ರೀ ಬಿಟ್ಟಿದ್ದು ನಿಮ್ಮನ್ನ?”

“ಯಾರೂ ತಡೆಯಲಿಲ್ಲ.”

“ಅದು ಪ್ರೈವೇಟ್ ಜಾಗ ಮೇಡಂ! ಅಲ್ಲಿ ಯಾರೂ ಹೋಗೋ ಹಾಗಿಲ್ಲ.”

ಅವನು ಎದ್ದ. ಜಗುಲಿಯಿಂದ ಇಳಿದ. ಎಡಕ್ಕೆ ತಿರುಗಿಯೂ ನೋಡಲಿಲ್ಲ. ಬಲದ ದಾರಿ ಹಿಡಿದು, ಏರಿಯ ಮೇಲೆ ಓಡುನಡಿಗೆಯಲ್ಲಿ ಸಾಗಿ, ಜೀಪಿನ ಪಕ್ಕದಲ್ಲಿ ನಿಂತಿದ್ದ ಇನ್ಸ್‌ಪೆಕ್ಟರನ್ನೂ ಗಮನಿಸದೆ ಕಲ್ಲುಮೆಟ್ಟಿಲುಗಳನ್ನಿಳಿದ. ಜೊಂಡಿನ ಬಳಿ ನಿಂತು ಸುತ್ತ ನೋಡಿದ.

ನವ್ಯಶ್ರೀ ಅವಸರವಿಲ್ಲದೆ ಹಿಂದೆಯೇ ಬಂದಳು. ಅಮ್ಮಯಮ್ಮ ಬುಟ್ಟಿಯೊಂದಿಗೆ ಅವಳ ಹಿಂದೆ. ಇನ್ಸ್‌ಪೆಕ್ಟರ್ ಮೂರ್ತಿಯವರೂ, ಅವರ ಬದಿಯಲ್ಲಿ ಹೆಗಲ ಮೇಲೆ ಟವೆಲ್ ಹೊದ್ದ ಪಿಳ್ಳಪ್ಪನೂ ಇಳಿದು ಬಂದರು.

“ಎಲ್ರೀ ಸ್ಕೂಟರು?” ಬೈರೇಶ್ ಕೇಳಿದ.

“ಗೇಟಿನ ಹತ್ತಿರ.”

“ಕೆರೆ ಹಿಂದೆ ಅಂದ್ರಲ್ಲ!”

“ಅಂದೆ. ನೀವು ಇಲ್ಲಿಗೆ ಬಂದಿರಿ.”

ಬೈರೇಶ್ ಆಗ ಇನ್ಸ್‌ಪೆಕ್ಟರನ್ನು ನೋಡಿದ. ಕನ್ನಡಕ ತೆಗೆದು ಮತ್ತೆ ಹಾಕಿಕೊಂಡ.

“ಏನಿದು ತಮಾಷೆ?” ಎಂದರು ಮೂರ್ತಿಯವರು. “ಮಹಜರಿಗೆ ಟೈಮಾಗ್ತಾ ಇದೆ.”

“ತಮಾಷೆ ಅಲ್ಲ ಸರ್. ನಿನ್ನೆ ನೀವು ಹುಡುಕಿದ ಜಾಗವನ್ನು ಒಮ್ಮೆ ತೋರಿಸಿ.”

ಅವರು ಏರಿಯಾಚೆ, ನೀರಿನಾಚೆ, ಕಾಡಿನತ್ತ ಕೈ ತೋರಿಸಿದರು.

“ನಾವೀಗ ನಿಂತಿರುವ ಈ ಜಾಗಕ್ಕೆ ಏನನ್ನುತ್ತಾರೆ? ಪಿಳ್ಳಪ್ಪನವರೇ, ನೀವೇ ಹೇಳಿ.”

“ಇದಾ?” ಪಿಳ್ಳಪ್ಪನಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. “ಕೆರೆ ಹಿಂದೆ. ಇನ್ನೇನಂತಾರೆ?”

“ಆ ಕಡೆಯದು?”

“ಅದು ಕಾಡಂಚು ಸಾ.”

“ಸರ್, ನೀರು ನಿಲ್ಲುವ ಜಾಗಕ್ಕೆ ಇಲ್ಲಿಯವರು ಕೆರೆ ಅಂಗಳ ಅನ್ನುತ್ತಾರೆ. ಅಂಗಳ ಮನೆಯ ಮುಂದಿರುತ್ತದೆ. ಏರಿ ಗೋಡೆ ಇದ್ದ ಹಾಗೆ. ಗೋಡೆಯ ಈಚೆಯದು ಹಿತ್ತಲು. ಇವರು ನಿಜವನ್ನೇ ಹೇಳಿದ್ದರು. ನಿಮಗೆ ಅದು ಅರ್ಥವಾಗಲಿಲ್ಲ. ಅರ್ಥವಾಗದ್ದನ್ನು ಸುಳ್ಳು ಅಂದಿರಿ.”

ಮೂರ್ತಿಯವರ ಮುಖ ಕೆಂಪಾಯಿತು. ಅವರು ಉತ್ತರಿಸುವ ಮುನ್ನವೇ ಅವಳು ಜೊಂಡನ್ನು ಸರಿಸಿ ಅಚ್ಚನ್ನು ತೋರಿಸಿದಳು. ಮಳೆಹನಿಯ ಕುಳಿಗಳನ್ನು ತೋರಿಸಿದಳು. ಅಚ್ಚಿನೊಳಗೆ ಅವು ಇಲ್ಲದಿರುವುದನ್ನೂ ತೋರಿಸಿದಳು. ಇನ್ಸ್‌ಪೆಕ್ಟರ್ ಬಗ್ಗಿ ಬಹಳ ಹೊತ್ತು ನೋಡಿದರು.

“ಮಳೆ ಆದ್ಮೇಲೆ ಎತ್ತಿದ್ದಾರೆ” ಎಂದರು ಕೊನೆಗೆ. ಧ್ವನಿ ತಗ್ಗಿತ್ತು. “ಆಗ ಇವನು ನಮ್ಮ ಹತ್ರ ಇದ್ದ.”

“ಹೌದು. ಕಲ್ಲು ಎಲ್ಲಿದೆಯೆಂದು ಇವರು ಹೇಳಿದ್ದನ್ನು ಕೇಳಿದವರು ಇಬ್ಬರು. ಅರ್ಥ ಮಾಡಿಕೊಂಡವರು ಒಬ್ಬರೇ.”

ಎಲ್ಲರೂ ಬೈರೇಶನ ಕಡೆ ನೋಡಿದರು.

“ಇದೊಳ್ಳೆ ಕಥೆ!” ಅವನು ನಗಲು ನೋಡಿದ. “ಒಂದು ತಿಂಗಳಿಂದ ಇದ್ದೀನಿ ಸರ್ ಇಲ್ಲಿ. ಕೆಲಸದವರ ಬಾಯಲ್ಲಿ ಕೇಳಿ ಒಂದು ಮಾತು ಕಲಿತೆ. ಅದೂ ಕ್ರೈಮಾ?”

“ಅಲ್ಲ” ಎಂದಳು ನವ್ಯಶ್ರೀ. “ಕಲಿತದ್ದು ಯಾವಾಗ? ಠಾಣೆಗೆ ಹೋಗುವ ಮುಂಚೆಯೋ, ಆಮೇಲೋ?”

ಅವನು ಮೆಟ್ಟಿಲುಗಳ ಕಡೆ ಒಂದು ಹೆಜ್ಜೆ ಇಟ್ಟ.

“ಮುಂಚೆ ಅಂದರೆ, ಇನ್ಸ್‌ಪೆಕ್ಟರ್ ಕಾಡಿಗೆ ಹೊರಟಾಗ ‘ಆ ಕಡೆಯಲ್ಲ ಸರ್’ ಅಂತ ನೀವು ಹೇಳಬೇಕಿತ್ತು. ಹೇಳಲಿಲ್ಲ. ಮುಂದೆ ನಿಂತು ದಾರಿ ತೋರಿಸಿದಿರಿ. ಆಮೇಲೆ ಅಂದರೆ, ನಿನ್ನೆ ಮಧ್ಯಾಹ್ನದಿಂದೀಚೆಗೆ ಕಲಿಸಿದವರ ಹೆಸರು ಹೇಳಿ. ಅವರನ್ನೇ ಕರೆಸೋಣ.”

“ಎಲ್ಲಾ ಕಂಡೋಳಂಗೆ ಮಾತಾಡ್ಬ್ಯಾಡ ಕಣಮ್ಮಾ! ನಂಗೂ ಕ್ವಾಪ ಬತ್ತದೆ!”

ಈ ಸೀಮೆಯ ಮಾತು ಅವನ ಬಾಯಿಂದ ಜಾರಿತ್ತು. ಅಮ್ಮಯಮ್ಮ ಬುಟ್ಟಿಯನ್ನು ಕೆಳಗಿಟ್ಟಳು.

“ಅಯ್ಯೋ ನನ್ನಪ್ಪಾ! ಬೆಂಗ್ಳೂರಿನ ನೀರು ಇಷ್ಟು ಬೇಗ ಇಳಿದೋಯ್ತಾ? ಯಾವೂರೋ ನಿಂದು?”

ಬೈರೇಶ್ ನೆಲ ನೋಡಿದ.

“ಕೇಳ್ತಾ ಇದ್ದಾರೆ, ಹೇಳ್ರೀ” ಎಂದರು ಮೂರ್ತಿಯವರು. ಈಗ ಅವರ ಸಿಟ್ಟಿಗೆ ಸರಿಯಾದ ದಿಕ್ಕು ಸಿಕ್ಕಿತ್ತು.

“ತಾಯಿ ಊರು ಇಲ್ಲೇ, ಬೆಟ್ಟದಾಚೆ. ಚಿಕ್ಕವನಾಗಿದ್ದಾಗ ರಜಕ್ಕೆ ಬರ್ತಿದ್ದೆ. ಅದಕ್ಕೇನೀಗ?”

“ಈ ಕೆರೆ ನೀರು ಕುಡ್ದಿದ್ದೀಯಾ?” ಅಮ್ಮಯಮ್ಮ ಹತ್ತಿರ ಬಂದಳು. “ಕುಡ್ದು, ಅದ್ರ ಕಲ್ಲು ಕಿತ್ತಾ? ಕಿತ್ತು, ನೀರು ಬಿಡೋನ ಮೇಲೇ ಹಾಕ್ದಾ? ನಿಮ್ಮವ್ವ ಬದ್ಕಿದ್ದಾಳೇನೋ? ಕರ್ಕೊಂಡ್ಬಾ, ಅವಳ ಮುಖ ನೋಡ್ತೀನಿ.”

“ಅಮ್ಮಯಮ್ಮನವರೇ, ಸ್ವಲ್ಪ ತಡೆಯಿರಿ” ಎಂದಳು ನವ್ಯಶ್ರೀ. “ಬೈರೇಶ್, ಕಲ್ಲು ಎಲ್ಲಿದೆ?”

ಅವನು ಇನ್ಸ್‌ಪೆಕ್ಟರ ಮುಖ ನೋಡಿದ. ಅಲ್ಲಿ ದಾಕ್ಷಿಣ್ಯ ಕಾಣಲಿಲ್ಲ.

“ದಾಬಸ್‌ಪೇಟೆ. ನಮ್ಮ ಕಂಪನಿ ಗೋಡೌನಲ್ಲಿ” ಎಂದ. “ಒಡೆದಿಲ್ಲ. ಒಡೀರಿ ಅಂತ ಮೇಲಿನವರು ಹೇಳಿದ್ರು, ನಾನು ಒಡೀಲಿಲ್ಲ. ಆ ಕಲ್ಲು ಇದ್ರೆ ಕಾಟೇಜ್ ಕೆಲಸ ನಿಲ್ಲುತ್ತೆ, ಹೆಂಗಾದ್ರೂ ಮಾಡಿ ಕಾಣದ ಹಾಗೆ ಮಾಡು ಅಂದ್ರು. ಮೊನ್ನೆ ರಾತ್ರಿ ಜನ ಇಟ್ಟು ಕೀಳಿಸಿದೆ. ಅವರು ಏರಿಯಿಂದ ಈ ಕಡೆ ಉರುಳಿಸಿದ್ರು. ಅಷ್ಟರಲ್ಲಿ ಯಾರೋ ಬಂದ ಸದ್ದಾಯ್ತು. ಎಲ್ಲರೂ ಓಡಿದ್ವಿ. ನಿನ್ನೆ ರಾತ್ರಿ ಮತ್ತೆ ಟ್ರ್ಯಾಕ್ಟರ್ ತಂದು ಎತ್ತಿಸಿದೆ.”

“ಬಂದವನು ಮುನೀಂದ್ರ. ಓಡುವ ಮುನ್ನ ಅವನ ತಲೆಗೆ ಹೊಡೆದಿರಿ.”

“ಇಲ್ಲ!” ಅವನು ಕೂಗಿದ. ಕನ್ನಡಕ ಕೆಸರಿಗೆ ಬಿತ್ತು. “ಕಲ್ಲು ನಂದು, ಒಪ್ತೀನಿ. ಬೇಕಿದ್ರೆ ಈಗ್ಲೇ ಬರ್ಕೊಡ್ತೀನಿ. ಮುನೀಂದ್ರ ನಮ್ಮ ನೌಕರ ಸರ್. ಅವನನ್ನ ಸುಮ್ಮನಿರಿಸೋಕೆ ನನಗೆ ದೊಣ್ಣೆ ಬೇಕಾ? ಬಾಯಲ್ಲಿ ಒಂದು ಮಾತು ಹೇಳಿದ್ರೆ ಸಾಕಿತ್ತು. ಅವನಿಗೆ ಏಟು ಬಿದ್ದಿದೆ ಅಂತ ನನಗೆ ಗೊತ್ತಾಗಿದ್ದೇ ಬೆಳಿಗ್ಗೆ.”

ನವ್ಯಶ್ರೀ ಅವನನ್ನೇ ನೋಡಿದಳು. ಈ ಮನುಷ್ಯ ಬೆಳಿಗ್ಗೆಯಿಂದ ಹೇಳಿದ್ದೆಲ್ಲ ಸುಳ್ಳು. ಆದರೆ ಈ ಕೊನೆಯ ಮಾತನ್ನು ತಳ್ಳಿಹಾಕಲು ಅವಳ ಬಳಿ ಏನೂ ಇರಲಿಲ್ಲ. ತನ್ನ ಕೈಕೆಳಗಿನವನನ್ನು ಸುಮ್ಮನಿರಿಸಲು ಅವನಿಗೆ ನಿಜವಾಗಿಯೂ ದೊಣ್ಣೆ ಬೇಕಿರಲಿಲ್ಲ.

ಮೂರ್ತಿಯವರು ಪಿಳ್ಳಪ್ಪನ ಎದುರು ಬಂದು ನಿಂತರು. ಹೇಳಬೇಕಾದ ಮಾತಿನ ಅಭ್ಯಾಸ ಅವರಿಗಿರಲಿಲ್ಲ.

“ಪಿಳ್ಳಪ್ಪಾ, ನಮ್ಮಿಂದ ತಪ್ಪಾಗಿದೆ. ಕಲ್ಲು ನೀನು ಕದ್ದಿಲ್ಲ. ಕದಿಯೋಕೇ ಬಂದಿಲ್ಲ ಅಂದ್ಮೇಲೆ ಮುನೀಂದ್ರನಿಗೆ ಹೊಡೆಯೋ ಕಾರಣಾನೂ ಇಲ್ಲ. ಇವತ್ತು ಕೋರ್ಟಿಗೆ ಬರೋದು ಬೇಡ. ಮನೆಗೆ ಹೋಗು. ಆ ಏಟಿನ ವಿಚಾರಣೆ ನಾನು ಮೊದಲಿಂದ ಶುರು ಮಾಡ್ತೀನಿ. ಆ ಹೊತ್ತಲ್ಲಿ ಏರಿ ಮೇಲೆ ಯಾರ್ಯಾರು ಓಡಾಡಿದ್ರು, ಒಬ್ಬೊಬ್ಬರನ್ನೂ ಕರೆಸ್ತೀನಿ.”

ಬಿಡುಗಡೆಯ ಮಾತು ಕೇಳಿದ ಮುದುಕನ ಮುಖದಲ್ಲಿ ಸಂತೋಷ ಕಾಣಲಿಲ್ಲ. ಅವನು ಹೆಗಲ ಮೇಲಿನ ಟವೆಲನ್ನು ತೆಗೆದು ಕೈಯಲ್ಲಿ ಹಿಂಡಿಕೊಂಡ.

“ಯಾರ್ನೂ ಕರೆಸ್ಬ್ಯಾಡಿ ಸಾ. ನನ್ನ ಕರ್ಕೊಂಡೋಗಿ.”

“ಏನು?”

“ಕಲ್ಲು ಮುಟ್ಟಿಲ್ಲ ನಾನು. ಮುನೀಂದ್ರಂಗೆ ಹೊಡ್ದೋನು ನಾನೇ. ಕತ್ಲಲ್ಲಿ ಕಲ್ಲು ಕೀಳೋನು ಅವ್ನೇ ಅಂದ್ಕೊಂಡು ಹೊಡ್ದ್ಬಿಟ್ಟೆ. ನಡೀರಿ, ಕೋರ್ಟಿಗೆ ಹೊತ್ತಾಯ್ತದೆ.”

ಅವನು ತಾನೇ ಮೆಟ್ಟಿಲುಗಳ ಕಡೆ ಹೆಜ್ಜೆ ಹಾಕಿದ. ನಿನ್ನೆಯಿಂದ ಒಂದು ಮಾತನ್ನೂ ಬದಲಿಸದಿದ್ದ ಮನುಷ್ಯ, ಬಿಡುಗಡೆ ಸಿಕ್ಕ ಕ್ಷಣದಲ್ಲಿ ಬದಲಿಸಿದ್ದ.

ಅಮ್ಮಯಮ್ಮ ಓಡಿಬಂದು ಅವನ ರಟ್ಟೆ ಹಿಡಿದು ನಿಲ್ಲಿಸಿದಳು. ಗೇಟಿನಲ್ಲಿ ಕೂಗಿದವಳ ಗಂಟಲು ಈಗ ಇನ್ನೂ ಎತ್ತರಕ್ಕೇರಿತ್ತು.

“ಯಾಕ್ ಸುಳ್ಳು ಹೇಳ್ತೀಯಾ? ನಿನ್ನೆಯೆಲ್ಲಾ ಬಡ್ಕೊಂಡಿದ್ದು ಸಾಲ್ದಾ? ಬಿಡ್ತೀನಿ ಅಂತಾವ್ರೆ, ಬಾ ಮನೆಗೆ! ನೀನೆಲ್ಲಿ ಹೊಡ್ದೆ? ನೀನು ಬರೋ ಹೊತ್ಗೆ ಅವ್ನು ಬಿದ್ದಾಗಿತ್ತು!”

ಪಿಳ್ಳಪ್ಪ ಕಣ್ಣು ಮುಚ್ಚಿದ.

ಬೈರೇಶ್ ಬಗ್ಗಿ ಕನ್ನಡಕ ಎತ್ತಿಕೊಳ್ಳುತ್ತಿದ್ದವನು ಹಾಗೆಯೇ ನಿಂತ. ಮೂರ್ತಿಯವರು ನವ್ಯಶ್ರೀಯ ಕಡೆ ನೋಡಿದರು. ಕೇಳಬೇಕಾದ ಪ್ರಶ್ನೆ ಒಂದೇ ಇತ್ತು. ಅದನ್ನು ಕೇಳಬೇಕಾದವಳು ತಾನೇ ಎಂಬುದೂ ಅವಳಿಗೆ ತಿಳಿದಿತ್ತು. ಆ ಮುದುಕಿಯ ಪರವಾಗಿಯೇ ಅವಳು ಇಲ್ಲಿಗೆ ಬಂದದ್ದು.

“ಅಮ್ಮಯಮ್ಮನವರೇ, ಅವನು ಬಿದ್ದದ್ದನ್ನು ನೀವು ಎಲ್ಲಿಂದ ನೋಡಿದಿರಿ?”

“ಅವಳ್ನ ಏನೂ ಕೇಳ್ಬ್ಯಾಡಿ!” ಎಂದ ಪಿಳ್ಳಪ್ಪ.

ಅಮ್ಮಯಮ್ಮ ಗಂಡನ ರಟ್ಟೆಯನ್ನು ಬಿಟ್ಟಳು. ಸೆರಗನ್ನು ಸೊಂಟಕ್ಕೆ ಬಿಗಿದು ನವ್ಯಶ್ರೀಯ ಎದುರು ನೇರವಾಗಿ ನಿಂತಳು.

“ದೊಣ್ಣೆ ಎಟುಕೋವಷ್ಟು ಹತ್ರದಿಂದಾನೇ ಕಣವ್ವಾ” ಎಂದಳು.